ಜಲಜಾ ಮಿಸ್ ಒಪ್ಪದ ಉತ್ತರ

ನನ್ನ ಅತ್ತಿಗೆ ಜಲಜಾ ಯಾರನ್ನೂ ನಂಬಿದವರಲ್ಲ. ಇಡ್ಲಿ ಹಿಟ್ಟು ಮಾರುವವನು ನೀರು ಬೆರೆಸುತ್ತಾನೆ, ಆಟೋದವನು ಸುತ್ತು ದಾರಿ ಹಿಡಿಯುತ್ತಾನೆ, ಮೈದುನನಾದ ನಾನು ಸಕ್ಕರೆ ಕದ್ದು ತಿನ್ನುತ್ತೇನೆ. ಕೊನೆಯದು ಮಾತ್ರ ನಿಜ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತ ಅಣ್ಣ ಇದ್ದಾಗ ಹೇಳಿ ಹೇಳಿ ಸುಸ್ತಾಗಿದ್ದ. ಮೂವತ್ತೊಂದು ವರ್ಷ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಅತ್ತಿಗೆ ಈಗ ಚೆನ್ನೈನ ಕೀಲ್ಪಾಕಿನ ಮನೆಯಲ್ಲಿ ಪ್ಲಸ್ ಒನ್, ಅಂದರೆ ಹನ್ನೊಂದನೇ ತರಗತಿಯ ಆರು ಮಕ್ಕಳಿಗೆ ಟ್ಯೂಷನ್ ಹೇಳುತ್ತಾರೆ. ಕದ್ದು ಬರೆದವರಿಗೆ ಮತ್ತೆ ಪ್ರವೇಶವಿಲ್ಲ; ಇಬ್ಬರು ಹಾಗೆ ಹೋಗಿದ್ದಾರೆ.

ಕಳೆದ ಶನಿವಾರ ಟೆಸ್ಟ್ ಇತ್ತು. sin x = ½ ಆಗುವ ಎಲ್ಲ ಕೋನಗಳನ್ನೂ ಕೊಡುವ ಸಾಮಾನ್ಯ ಪರಿಹಾರ ಬರೆಯಬೇಕು. ಅತ್ತಿಗೆ ಕಲಿಸಿದ್ದು x = nπ + (–1)ⁿ π/6. ಐವರು ಅದನ್ನೇ ಬರೆದರು. ನಿಖಿತಾ ಮಾತ್ರ ಎರಡು ಸಾಲು ಬರೆದಿದ್ದಳು: 2nπ + π/6, 2nπ + 5π/6.

"ಯಾವ ಫೋನ್ ನೋಡಿ ಬರ್ದೆ?"

"ಇಲ್ಲೆ ಮಿಸ್, ನಾನೇದಾನ್ ಪೋಟ್ಟೇನ್." ಇಲ್ಲ, ನಾನೇ ಮಾಡಿದ್ದು ಅಂತ. ಮನೆಮಾತು ಕನ್ನಡವಾದರೂ ಹೆದರಿದಾಗ ಅವಳಿಗೆ ಬರುವುದು ತಮಿಳೇ.

ಅತ್ತಿಗೆ ಅವಳ ಚೀಲ ತಡಕಿದರು, ಪೆನ್ಸಿಲ್ ಡಬ್ಬಿ ತಡಕಿದರು. ಫೋನೂ ಇಲ್ಲ, ಚೀಟಿಯೂ ಇಲ್ಲ. ನೋಡುತ್ತಿದ್ದ ನನಗೇ ನಾಚಿಕೆಯಾಯಿತು.

"ಹಾಗಾದ್ರೆ ಕದ್ದು ಬೇರೆ ಟ್ಯೂಷನ್‌ಗೂ ಹೋಗ್ತಿದೀಯ. ಸೋಮವಾರದಿಂದ ಬರ್ಬೇಡ."

ಪರೀಕ್ಷೆಗೆ ಇನ್ನೆರಡೇ ತಿಂಗಳು. ಈಗ ಆ ಮಗುವನ್ನು ಯಾರು ಸೇರಿಸಿಕೊಳ್ಳುತ್ತಾರೆ?

ನಿಖಿತಾ ಅಳಲಿಲ್ಲ. ನನ್ನ ಖಾಲಿ ಕಾಫಿ ಲೋಟವನ್ನು ಹಾಳೆಯ ಮೇಲೆ ಬೋರಲು ಹಾಕಿ ವೃತ್ತ ಎಳೆದಳು. ನಡುವಿನಿಂದ ನೆತ್ತಿಗೆ ಅರ್ಧ ಎತ್ತರದಲ್ಲಿ ಅಡ್ಡಗೆರೆ ಹಾಕಿದಳು. ಅದು ವೃತ್ತಕ್ಕೆ ಎರಡು ಕಡೆ ತಾಗಿತು. "ಇಲ್ಲಿ ಪೈ ಬೈ ಸಿಕ್ಸ್, ಅಂದ್ರೆ ಮೂವತ್ತು ಡಿಗ್ರಿ, ಇಲ್ಲಿ ನೂರೈವತ್ತು. ಎಷ್ಟು ರೌಂಡ್ ಸುತ್ತಿದ್ರೂ ಇದೇ ಎರಡು ಜಾಗ ಮಿಸ್."

ಅತ್ತಿಗೆ ಅಷ್ಟಕ್ಕೆ ನಂಬುವವರೇ? ತಮ್ಮ ಸೂತ್ರದಲ್ಲಿ n ಜಾಗಕ್ಕೆ ಸೊನ್ನೆ, ಒಂದು, ಎರಡು, ಮೂರು ಹಾಕಿದರು: 30, 150, 390, 510. ಅವಳದರಲ್ಲಿ ಸೊನ್ನೆ, ಒಂದು ಹಾಕಿದರು. ಅವೇ ನಾಲ್ಕು ಕೋನ. ಮೈನಸ್ ಸಂಖ್ಯೆ ಹಾಕಿಯೂ ನೋಡಿದರು. ಎಲ್ಲೂ ತಪ್ಪು ಸಿಗಲಿಲ್ಲ.

"ನಿಮ್ದೂ ಸರಿನೇ ಮಿಸ್," ಎಂದಳು ನಿಖಿತಾ. "ಆದ್ರೆ ಆ ಮೈನಸ್ ಒನ್ ಪವರ್ ಎನ್ ಯಾಕೆ ಬಂತು? ಅದು ಅರ್ಥ ಆಗ್ದೇನೇ ನಾನು ಹೀಗೆ ಮಾಡಿದ್ದು."

ಅತ್ತಿಗೆ ವೃತ್ತದ ಪಕ್ಕದಲ್ಲಿ (–1)ⁿ ಅಂತ ಬರೆದರು, ಹೊಡೆದು ಹಾಕಿದರು, ಮತ್ತೆ ಬರೆದರು. ಉಳಿದ ಐವರೂ ಅವರನ್ನೇ ನೋಡುತ್ತಿದ್ದರು. ಇಷ್ಟು ವರ್ಷದಲ್ಲಿ ಮೊದಲ ಸಲ ನನಗೆ ಅತ್ತಿಗೆಯನ್ನು ಕಂಡು ಪಾಪ ಅನಿಸಿತು.

"ಸೋಮವಾರ ಬಾ," ಅಂದರು ಕೊನೆಗೆ. "ಯಾಕೆ ಅಂತ ನಂಗೆ ಗೊತ್ತಿಲ್ಲ ಕಣೆ. ನಾನು ಓದುವಾಗ ನಮ್ಮ ಮಿಸ್ ಬೋರ್ಡ್ ಮೇಲೆ ಬರ್ದಿದ್ರು. ನಾನು ನೋಡಿ ಬರ್ಕೊಂಡೆ."