ಕೋಟೆ ಬಾಗಿಲಿನ ನುಡಿ

ನಮ್ಮ ಮಿಡಿಗೇಶಿಯ ಲಾವಣಿ ಓಬಳಯ್ಯ ಅರವತ್ತು ದಾಟಿದವನು. ಜಗಲಿ ಹತ್ತಬೇಕಾದರೂ ಎರಡು ಸಲ ‘ನರಸಿಂಹಾ’ ಎನ್ನಬೇಕು. ಅದೇ ಓಬಳಯ್ಯ ಗೆಜ್ಜೆ ಕಟ್ಟಿ, ಡಪ್ಪು ಹಿಡಿದು ಪಾಳೇಗಾರ ಕೆಂಗಣ್ಣನಾಯಕನ ಲಾವಣಿ ಎತ್ತಿಕೊಂಡನೆಂದರೆ, ಬೆಟ್ಟದ ಮೇಲಿನ ಕೋಟೆಯೇ ನಾಲ್ಕು ಹೆಜ್ಜೆ ಇಳಿದು ಬಂದು ಕೇಳುತ್ತದೆಂದು ನಾನು ಆಣೆ ಮಾಡಿ ಹೇಳಬಲ್ಲೆ. ನಾಯಕನ ಕುದುರೆ ನೆಗೆದಲ್ಲಿ ಅವನೂ ನೆಗೆಯುತ್ತಾನೆ. ಮುಂದೆ ಕೂತವರು ಧೂಳು ಬಿತ್ತೆಂದು ಕಣ್ಣುಜ್ಜಿಕೊಳ್ಳುತ್ತಾರೆ. ಪಾವಗಡದ ಕಡೆ ಹಾಡಿದರೆ ನಾಯಕನ ಹೆಂಡತಿ ತೆಲುಗಿನಲ್ಲೇ ಅಳುತ್ತಾಳೆ. ಒಮ್ಮೆ ಅಮಲ್ದಾರರು ಎದುರಿಗೆ ಬಂದು ನಿಂತಾಗಲೂ, “ಯುದ್ಧ ನಡೀತಾ ಐತೆ ಸ್ವಾಮಿ, ಕೂತ್ಕಳಿ, ಆಮ್ಯಾಲೆ ಕೈ ಮುಗೀತೀನಿ” ಎಂದು ಕುಣಿದವನು. ಆದರೆ ಒಂದು ನುಡಿ ಬಂದಾಗ ಮಾತ್ರ ಡಪ್ಪು ಕೆಳಗಿಟ್ಟು, ಗೆಜ್ಜೆ ಬಿಚ್ಚಿ, ರುಮಾಲು ತೆಗೆದು, ಬರಿತಲೆಯಲ್ಲಿ ಅಲುಗಾಡದೆ ನಿಂತು ಹಾಡುತ್ತಾನೆ. ಶತ್ರುವಿಗೆ ಕೋಟೆಯ ಬಾಗಿಲು ತೆರೆದುಕೊಟ್ಟ ಕಾವಲುಗಾರ ಬೊಮ್ಮನ ಹೆಸರು ಬರುವುದು ಅಲ್ಲಿ. ಜನ ಥೂ ಎಂದು ಉಗಿಯುತ್ತಾರೆ. ಎಲ್ಲರೂ ಉಗಿದು ಮುಗಿಯುವವರೆಗೆ ಅವನು ಕಾಯುತ್ತಾನೆ. ಬೊಮ್ಮ ಇವನ ಮುತ್ತಾತನ ಅಪ್ಪನೆಂಬುದು ಊರಿಗೆಲ್ಲ ಗೊತ್ತು. ಒಂದು ಸಲ ನನ್ನ ತಾಯಿ ಕದರಮ್ಮ ನೋಡಲಾರದೆ, “ಆ ನುಡಿ ಒಂದ ಬುಟ್ಬುಡು ಓಬಳಣ್ಣ, ನಿನ್ನ ಯಾರು ಕೇಳ್ತಾರೆ?” ಎಂದಳು. ಓಬಳಯ್ಯ ಬಗ್ಗಿ ಗೆಜ್ಜೆ ಮತ್ತೆ ಕಟ್ಟಿಕೊಳ್ಳುತ್ತಾ ಹೇಳಿದ: “ಅದೆಂಗೆ ಬುಡ್ಲಿ ಕಣಮ್ಮ? ಈ ಲಾವಣಿ ಕಟ್ಟಿದೋನೇ ಬೊಮ್ಮನ ಮಗ.”