ಹದಿನೈದು ನಿಮಿಷ ಕುದಿಸಿದ ನೀರು

ತಾಯಲೂರಿನ ಗಂಗಾಲಕ್ಷ್ಮಿ ಮುಳಬಾಗಿಲಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. 2014ರಿಂದ ಮೂರು ವರ್ಷ ಇದೇ ಪಾಠವನ್ನು ಅವಳು ಇಥಿಯೋಪಿಯಾದ ಒಂದು ಗುಡ್ಡಗಾಡಿನ ಊರಿನಲ್ಲಿ ಮಾಡಿದ್ದಳು. ಅಲ್ಲಿನ ವಿದ್ಯಾರ್ಥಿಗಳ ಹೆಸರುಗಳನ್ನು ಈಗಲೂ ಹಾಜರಿ ಪುಸ್ತಕದ ಕ್ರಮದಲ್ಲೇ ಹೇಳಬಲ್ಲಳು. ಆದರೆ ಅಲ್ಲಿ ತಾನು ಮಾಡಿದ ಒಂದು ಕೆಲಸ ಸರಿಯೋ ತಪ್ಪೋ ಎಂಬುದು ಅವಳಿಗೆ ಇಷ್ಟು ವರ್ಷವಾದರೂ ತೀರ್ಮಾನವಾಗಿರಲಿಲ್ಲ.

ಅಲ್ಲಿ ಪಕ್ಕದ ಮನೆಯವಳು ಅಲ್ಮಾಜ್, ಅದೇ ಕಾಲೇಜಿನ ಜೀವಶಾಸ್ತ್ರದ ಅಧ್ಯಾಪಕಿ. ತನ್ನ ಕ್ರೈಸ್ತ ಧರ್ಮದ ನಿಯಮದಂತೆ ಬುಧವಾರ, ಶುಕ್ರವಾರ ಮಧ್ಯಾಹ್ನ ಮೂರರವರೆಗೆ ನೀರನ್ನೂ ಮುಟ್ಟುತ್ತಿರಲಿಲ್ಲ. ಆಮೇಲೂ ಹಾಲು, ತುಪ್ಪ ಕೂಡದು. ಗಂಗಾಲಕ್ಷ್ಮಿಯದು ಶನಿವಾರದ ಒಪ್ಪೊತ್ತು.

"ಇಬ್ಬರದೂ ಸೇರಿ ವಾರಕ್ಕೆ ಮೂರು ಉಪವಾಸ. ಆದರೂ ಯಾರ ತೂಕವೂ ಇಳಿದಿಲ್ಲ" ಎಂದು ಅಲ್ಮಾಜ್ ಕಾಫಿ ಬೀಜ ಹುರಿಯುತ್ತಾ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಸಂಜೆಯ ಕಾಫಿಯ ಹೊತ್ತಿಗೆ ಅವಳು ತನ್ನ ಪ್ರಾರ್ಥನೆಗಳ ಮಾತಾಡಿದರೆ, ಇವಳು ತನ್ನೂರ ಬಳಿಯ ಕುರುಡುಮಲೆಯ ಗಣೇಶನ ಎತ್ತರ ಹೇಳುತ್ತಿದ್ದಳು.

ಎರಡನೇ ವರ್ಷ ಗಂಗಾಲಕ್ಷ್ಮಿಗೆ ಟೈಫಾಯ್ಡ್ ಆಯಿತು. ಕುದಿಸಿದ ನೀರನ್ನೇ ಕುಡಿಯಬೇಕೆಂದು ವೈದ್ಯರು ಹೇಳಿದರು. ನಾಲ್ಕನೇ ದಿನ ಬೆಳಿಗ್ಗೆ ಅಲ್ಮಾಜ್ ಹೋಗಿಬರಲು ಮೂರು ಗಂಟೆ ನಡೆದು, ಚರ್ಚಿನ ಬಳಿಯ ಪವಿತ್ರ ಚಿಲುಮೆಯಿಂದ ಒಂದು ಸಣ್ಣ ಹಳದಿ ಕ್ಯಾನಿನಲ್ಲಿ ನೀರು ತಂದಳು. "ಕುಡಿ, ವಾಸಿಯಾಗುತ್ತದೆ" ಎಂದು ಕ್ಲಾಸಿಗೆ ಓಡಿದಳು.

ಗಂಗಾಲಕ್ಷ್ಮಿ ಆ ನೀರನ್ನು ಒಲೆಗಿಟ್ಟಳು. ಗಡಿಯಾರ ನೋಡಿ ಹದಿನೈದು ನಿಮಿಷ ಕುದಿಸಿ, ಆರಿಸಿ, ಸಂಜೆಯೊಳಗೆ ಪೂರ್ತಿ ಕುಡಿದಳು. ವೈದ್ಯರ ಮಾತೂ ಉಳಿಯಿತು, ಗೆಳತಿಯ ಮಾತೂ ಉಳಿಯಿತು ಎಂದುಕೊಂಡಳು. ಸಂಜೆ ಖಾಲಿ ಕ್ಯಾನ್ ಕಂಡು ಅಲ್ಮಾಜ್ ಹಿಗ್ಗಿದಾಗ, ತಾನು ಎಷ್ಟು ಜಾಗ್ರತೆಯಿಂದ ಕುಡಿದೆ ಎಂಬುದನ್ನೂ ಹೇಳಿದಳು.

ಅಲ್ಮಾಜಳ ಮುಖ ಇಳಿದುಹೋಯಿತು. "ನಿಮ್ಮ ಗಣೇಶನ ನೀರನ್ನೂ ಹೀಗೇ ಕುದಿಸುತ್ತೀಯಾ?"

ತೀರ್ಥವನ್ನು ಗಂಗಾಲಕ್ಷ್ಮಿ ಹುಟ್ಟಿದಾಗಿನಿಂದ ಅಂಗೈಯಲ್ಲಿ ಹಿಡಿದು ಕುಡಿದವಳು. ಅದು ಯಾವ ಬಾವಿಯ ನೀರು ಎಂದು ಕೂಡ ಕೇಳಿದವಳಲ್ಲ.

ಜ್ವರ ಬಿಟ್ಟಿತು. ಕಾಫಿ ಮುಂದುವರಿಯಿತು. ಆದರೆ ಅಲ್ಮಾಜ್ ಆಮೇಲೆ ಒಂದು ದಿನವೂ ತನ್ನ ಪ್ರಾರ್ಥನೆಯ ಮಾತೆತ್ತಲಿಲ್ಲ. ಊರಿಗೆ ಮರಳಿದ ಮೇಲೆ, ಅವಳಿಗೆ ಈಗಲೂ ನೋವಿದೆಯೇ ಎಂದು ಕೇಳಲು ಗಂಗಾಲಕ್ಷ್ಮಿ ಎಷ್ಟೋ ಸಲ ಫೋನ್ ಕೈಗೆತ್ತಿಕೊಂಡು, ಹಬ್ಬದ ಶುಭಾಶಯವನ್ನಷ್ಟೇ ಕಳಿಸುತ್ತಿದ್ದಳು.

ಹೋದ ವರ್ಷ ಅಲ್ಮಾಜ್ ತಂಗಿಯ ಕಣ್ಣಿನ ಆಪರೇಷನ್ನಿಗೆಂದು ಬೆಂಗಳೂರಿಗೆ ಬಂದಳು. ಬಿಡುವಿದ್ದ ಒಂದು ದಿನ ಬಸ್ಸು ಹಿಡಿದು ಮುಳಬಾಗಿಲಿಗೆ ಬಂದಿಳಿದಳು. ಅಂದು ಬುಧವಾರ. ಕುರುಡುಮಲೆ ನೋಡಬೇಕು ಎಂದವಳು ಅವಳೇ.

ಗುಡಿಯಲ್ಲಿ ಅವಳು ಕತ್ತೆತ್ತಿ ಗಣೇಶನನ್ನು ನೋಡಿ, "ನೀನು ಹೇಳಿದಷ್ಟೇ ಎತ್ತರ" ಎಂದಳು. ಅರ್ಚಕರು ತೀರ್ಥ ತಂದಾಗ ಅಂಗೈ ಚಾಚಲಿಲ್ಲ. ಚೀಲದಿಂದ ಸಣ್ಣ ಬಾಟಲಿ ತೆಗೆದು ಹಿಡಿದಳು. "ಉಪವಾಸ. ಇನ್ನೂ ಮೂರಾಗಿಲ್ಲ." ಅರ್ಚಕರು ನಗುತ್ತಾ ಮೂರು ಉದ್ಧರಣೆ ಹಾಕಿದರು. ಗಂಟೆ ಹನ್ನೊಂದೂ ನಲವತ್ತು. ಇದು ಮರ್ಯಾದೆಯೋ, ನಿರಾಕರಣೆಯೋ, ಹಳೆಯದಕ್ಕೆ ಉತ್ತರವೋ? ತಾಯಲೂರು ಮುಟ್ಟುವವರೆಗೂ ಗಂಗಾಲಕ್ಷ್ಮಿಯ ತಲೆಯಲ್ಲಿ ಇದೇ ಸುತ್ತುತ್ತಿತ್ತು.

ಮನೆಯಲ್ಲಿ ಅವಳ ಅಮ್ಮ ಮುತ್ಯಾಲಮ್ಮ ಮುದ್ದೆ, ಬಸ್ಸಾರು ಮಾಡಿ, ತುಪ್ಪದ ಗಿಂಡಿ ಒಳಗಿಟ್ಟು, ತಾನೂ ಉಣ್ಣದೆ ಮೂರು ಗಂಟೆಗೆ ಕಾದಿದ್ದಳು. ಮೂರಾಯಿತು. ಅಲ್ಮಾಜ್ ಬಾಟಲಿಯನ್ನು ಹೊರತೆಗೆದು, ಒಲೆಯತ್ತ ಕೈ ತೋರಿಸಿ ಒಂದು ಪಾತ್ರೆ ಕೇಳಿದಳು.

"ಏಮೇ, ಏನಂತೆ ಅವ್ಳಿಗೆ?"

"ತೀರ್ಥ ಕಾಯಿಸ್ಬೇಕಂತಮ್ಮ."

"ಅಯ್ಯಯ್ಯೋ, ತೀರ್ಥ ಯಾರಾದ್ರೂ ಕಾಯಿಸ್ತಾರೇನೇ!"

ಗಂಗಾಲಕ್ಷ್ಮಿ ಒಲೆಯ ಪಕ್ಕ ನಿಂತು ಹಳದಿ ಕ್ಯಾನಿನ ಕತೆಯನ್ನೆಲ್ಲ ಹೇಳಿದಳು. ಅದುವರೆಗೆ ಯಾರಿಗೂ ಹೇಳಿರಲಿಲ್ಲ.

"ಅಷ್ಟು ದೂರ ನಡ್ಕೊಂಡು ಹೋಗಿ ತಂದಿದ್ದನ್ನ ಕಾಯಿಸಿಬಿಟ್ಯಾ? ಎಮ್ಮೆಸ್ಸಿ ಓದಿ ಏನ್ ಬಂತೇ ನಿಂಗೆ!" ಮುತ್ಯಾಲಮ್ಮ ಅತಿಥಿಯನ್ನು ಒಮ್ಮೆ ನೋಡಿದಳು, ಬಾಟಲಿಯನ್ನು ಒಮ್ಮೆ ನೋಡಿದಳು. "ಆದ್ರೂ ನಾಳೆ ತಂಗೀನ ನೋಡ್ಕೊಬೇಕಲ್ಲ ಇವ್ಳು. ಹೊಟ್ಟೆ ಕೆಟ್ರೆ ಗಣಪ್ಪನ ಹೆಸ್ರೂ ಕೆಡುತ್ತೆ. ತಾ ಇಲ್ಲಿ." ತಾನೇ ತೀರ್ಥವನ್ನು ಪಾತ್ರೆಗೆ ಸುರಿದು ಒಲೆ ಹಚ್ಚಿದಳು.

"ಅಮ್ಮ ಏನಂದರು?" ಎಂದು ಅಲ್ಮಾಜ್ ಕೇಳಿದಳು. ಗಂಗಾಲಕ್ಷ್ಮಿ ಬೈಗುಳವನ್ನೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು.

"ಅಂದರೆ, ಆ ದಿನ ಇವರು ಅಲ್ಲಿದ್ದಿದ್ದರೆ?"

"ನಿನ್ನ ನೀರನ್ನೂ ಕಾಯಿಸುತ್ತಿದ್ದಳೋ ಏನೋ. ಮೊದಲು ನನ್ನನ್ನು ಬೈದು, ಆಮೇಲೆ."

ಅಷ್ಟರಲ್ಲಿ ಪಾತ್ರೆ ಚುರ್ರೆಂದಿತು. ಮೂರು ಉದ್ಧರಣೆ ನೀರು ಎರಡು ನಿಮಿಷದಲ್ಲೇ ಆವಿಯಾಗಿತ್ತು. ಇಷ್ಟು ವರ್ಷ ಕುದಿಬಿಂದು ಕಲಿಸಿದವಳಿಗೆ ಇದು ಹೊಳೆದಿರಲಿಲ್ಲ. ಅಲ್ಮಾಜ್ ಬಗ್ಗಿ ನೋಡಿ, ಗೋಡೆ ಹಿಡಿದುಕೊಂಡು ನಗತೊಡಗಿದಳು. ನಗುತ್ತಲೇ ಕಣ್ಣೊರೆಸಿಕೊಂಡಳು.

"ಸಾಕು ಕಣ್ರೇ, ಮುದ್ದೆ ಆರೋಯ್ತದೆ" ಎಂದು ಮುತ್ಯಾಲಮ್ಮ ತಟ್ಟೆ ಹಾಕಿದಳು.

ಸಂಜೆ ಬಸ್ಸು ಹತ್ತುವಾಗ ಅಲ್ಮಾಜ್ ಗಂಗಾಲಕ್ಷ್ಮಿಯ ಕೈ ಹಿಡಿದಳು. "ನಾಳೆ ತಂಗಿಯ ಕಣ್ಣಿನ ಪಟ್ಟಿ ಬಿಚ್ಚುತ್ತಾರೆ. ಮೂರು ದಿನದಿಂದ ನಮ್ಮ ಮಾತೆ ಮರಿಯಮ್ಮನಿಗೆ ಪ್ರಾರ್ಥಿಸುತ್ತಿದ್ದೇನೆ. ನೀನೂ ನಿಮ್ಮ ಗಣೇಶನಿಗೆ ಹೇಳು."

"ಹೇಳ್ತೀನಿ" ಎಂದಳು ಗಂಗಾಲಕ್ಷ್ಮಿ. ಅದು ಕನ್ನಡದಲ್ಲೇ ಬಂದಿತ್ತು, ಆದರೂ ಅಲ್ಮಾಜ್ ತಲೆಯಾಡಿಸಿದಳು.

ಪಾತ್ರೆಯಲ್ಲಿ ನೀರು ಉಳಿದಿದ್ದರೆ ಅಲ್ಮಾಜ್ ಅದನ್ನು ಕುಡಿಯುತ್ತಿದ್ದಳೇ? ಅದು ಗಂಗಾಲಕ್ಷ್ಮಿಗೆ ಇವತ್ತಿಗೂ ಗೊತ್ತಿಲ್ಲ.