ಬ್ರೇಕಕ್ಕನ ಕಾಲು

ಕಾರು ಕಲಿಯಲು ಬಂದವರೆಲ್ಲ ಅವಳನ್ನು ಬ್ರೇಕಕ್ಕ ಎಂದೇ ಕರೆಯುತ್ತಿದ್ದರು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಪೆಡಲ್ ಇರುತ್ತದಲ್ಲ, ಅರ್ಧ ಊರಿನ ಜೀವ ಉಳಿದಿದ್ದು ಅದರ ಮೇಲಿದ್ದ ಅವಳ ಕಾಲಿನಿಂದ. ಗಂಡ ತೀರಿಕೊಂಡ ವರ್ಷ, ನೆಂಟರೆಲ್ಲ ಮೂಗು ಮುರಿಯುತ್ತಿರುವಾಗಲೇ, ಹಳೇ ಕಾರೊಂದನ್ನು ತಂದು ಸ್ಕೂಲು ತೆರೆದವಳು. ಈಗ ಅದನ್ನು ನೋಡಿಕೊಳ್ಳುವ ತಮ್ಮನಿಗೆ ಸ್ಟೀರಿಂಗ್ ಹಿಡಿಯಲು ಕಲಿಸಿದ್ದೂ ಅವಳೇ. ಅರವತ್ತು ದಾಟಿತ್ತು, ಮಂಡಿ ನೋಯುತ್ತಿತ್ತು, ಬಾಯಿ ಮಾತ್ರ ಮೊದಲಿನಷ್ಟೇ ಜೋರು.

ಆ ವಾರ ಪೆಡಲ್ ಯಾಕೋ ಗಟ್ಟಿಯಾಗಿತ್ತು. ತಮ್ಮನಿಗೆ ಹೇಳಿದರೆ "ನೋಡೋಣ ಬಿಡಕ್ಕ" ಎಂದು ತಳ್ಳಿಹಾಕಿದ. ಮರುದಿನ ಹೊಸದಾಗಿ ಕಲಿಯುತ್ತಿದ್ದ ಟೈಲರಮ್ಮ ಗಾಬರಿಯಲ್ಲಿ ಗೋಡೆಯ ಕಡೆ ಕಾರು ನುಗ್ಗಿಸಿದಳು. ಬ್ರೇಕಕ್ಕ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಒತ್ತಿದಳು. ಕಾರು ನಿಂತಿತು, ಆದರೆ ಬಂಪರ್ ಗೋಡೆಗೆ ಬಡಿದ ಮೇಲೆ.

ತಮ್ಮ ಕಾದು ಕೂತಿದ್ದವನಂತೆ ಶುರು ಮಾಡಿದ. "ಸಾಕಕ್ಕ ಇನ್ನು. ನಿನ್ನ ಕಾಲಲ್ಲಿ ಕಸುವಿಲ್ಲ. ನಾಳೆಯಿಂದ ಆಫೀಸಲ್ಲಿ ಕೂತು ಫೋನ್ ನೋಡ್ಕೋ. ಕಾರಿಗೆ ಬೇರೆಯವ್ರನ್ನ ಹಾಕ್ತೀನಿ."

"ಪೆಡಲ್ ಗಟ್ಟಿ ಆಗಿದೆ ಅಂತ ನಿನ್ನೆಯೇ ಬಾಯಿ ಬಡ್ಕೊಂಡೆನಲ್ಲೋ!"

ತಮ್ಮ ತಾನೇ ಹತ್ತಿ ಒತ್ತಿ ನೋಡಿದ. ಅಷ್ಟು ದೊಡ್ಡ ಆಳು ಸೀಟಿಗೆ ಬೆನ್ನು ಕೊಟ್ಟು, ಹಲ್ಲು ಕಚ್ಚಿ ಒತ್ತಿದರೆ ಯಾವ ಪೆಡಲ್ ತಾನೇ ಬಗ್ಗದು? ಮುಖ ಕೆಂಪೇರಿತ್ತು, ಆದರೂ "ಬೆಣ್ಣೆ ಥರ ಇದೆ" ಎಂದ. ಆಮೇಲೆ ತಮ್ಮ ಕರೆಸಿದ ಮೆಕ್ಯಾನಿಕ್ ಪೆಡಲ್ ಮೇಲೆ ಕಾಲಿಟ್ಟು ಒತ್ತಿದ. ತಮ್ಮನಿಗೆ ಬೆಣ್ಣೆಯಾಗಿದ್ದು ತನಗೆ ಗಟ್ಟಿ ಎನ್ನಲು ಅವನಿಗೇನು ಹುಚ್ಚೇ? ಗಂಡಸಿನ ಮರ್ಯಾದೆ ಪ್ರಶ್ನೆ! "ಏನೂ ಇಲ್ಲಮ್ಮ, ಸರಿಯಾಗಿದೆ" ಎಂದುಬಿಟ್ಟ.

ಬ್ರೇಕಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಅಳುವೂ ಬಂತು, ನುಂಗಿಕೊಂಡಳು. ಆ ಸೀಟೇ ಹೋದರೆ ತಾನು ಬರೀ ಫೋನ್ ಎತ್ತುವ ಮುದುಕಿ.

"ಇಬ್ಬರೂ ಪ್ರತಾಪ ತೋರಿಸಿದ್ದು ಸಾಕು" ಎಂದು ತಮ್ಮನನ್ನು ಡ್ರೈವರ್ ಸೀಟಿಗೆ ಅಟ್ಟಿದಳು. "ಇಂಜಿನ್ ಆಫ್ ಮಾಡು. ನಾಲ್ಕೈದು ಸಲ ಬ್ರೇಕ್ ಒತ್ತು. ಈಗ ಕಾಲು ಅದರ ಮೇಲೇ ಇಟ್ಕೊಂಡು ಸ್ಟಾರ್ಟ್ ಮಾಡು."

ಇಂಜಿನ್ ಓಡಿದರೆ ಬೂಸ್ಟರ್ ಎಂಬ ಡಬ್ಬಿ ನಮ್ಮ ಕಾಲಿಗೆ ಬಲ ಸೇರಿಸಬೇಕು, ಪೆಡಲ್ ತಾನಾಗಿಯೇ ಕೊಂಚ ಕೆಳಗಿಳಿಯಬೇಕು. ಕಲಿಯಲು ಬಂದವರಿಗೆಲ್ಲ ಅವಳು ಹೇಳಿಕೊಡುವ ಪಾಠವಿದು.

"ಇಳೀತಾ?"

ತಮ್ಮ ಬಗ್ಗಿ ಪೆಡಲನ್ನೇ ನೋಡಿದ.

"ಬಾಯಿ ಬಿಟ್ಟು ಹೇಳೋ!"

"ಇಲ್ಲಕ್ಕ."

ಮೆಕ್ಯಾನಿಕ್ ಬಾನೆಟ್ ಎತ್ತಿದ. ಬೂಸ್ಟರಿಗೆ ಹೋಗುವ ರಬ್ಬರ್ ಪೈಪು ಬುಡದಲ್ಲೇ ಸೀಳಿಹೋಗಿ ಬುಸ್ಸೆನ್ನುತ್ತಿತ್ತು. ಯಾರ ಮುಖವನ್ನೂ ನೋಡದೆ ಹೊಸ ಪೈಪು ಹಾಕಿ ಜಾಗ ಖಾಲಿ ಮಾಡಿದ.

"ಪೈಪೇ ಹೋಗಿತ್ತು, ಒಪ್ಕೊಂಡೆ" ಎಂದ ತಮ್ಮ. "ಆದ್ರೂ ಅಕ್ಕ, ವಯಸ್ಸು, ಮಂಡಿ..."

"ಮಂಡಿ ನೋಯುತ್ತೆ. ನೋಯಲ್ಲ ಅಂತ ನಾನ್ಯಾವಾಗ ಅಂದೆ? ನಡಿ, ಓಡಿಸು" ಎಂದು ಬ್ರೇಕಕ್ಕ ಪಕ್ಕದ ಸೀಟಿಗೆ ಹತ್ತಿದಳು.

ಸ್ಕೂಲಿನ ಹಿಂದಿನ ಖಾಲಿ ಮೈದಾನದಲ್ಲಿ ಕಾರು ವೇಗ ಹಿಡಿಯಿತು. ತಮ್ಮ ಮತ್ತೆ "ಆದ್ರೂ ಅಕ್ಕ" ಎಂದು ರಾಗ ತೆಗೆದ. ಅವಳು ಕಾಲೊತ್ತಿದಳು. ಕಾರು ಗಕ್ಕನೆ ನಿಂತಿತು. ಅವನ ಎದೆ ಬೆಲ್ಟಿಗೆ ಬಡಿಯಿತು.

"ಆಯ್ತು ತಾಯಿ" ಎಂದ, ಉಸಿರು ಬಂದ ಮೇಲೆ. "ಈ ಸೀಟಲ್ಲಿ ನೀನೇ ಕೂತ್ಕೋ."

"ಕೂತ್ಕೋ ಅನ್ನೋಕೆ ನೀನ್ಯಾರೋ? ಕೂತೇ ಇದೀನಿ."